ಮೊದಲೇ ತೊಳೆದ ಕಾಲುಗಳು

ಇನ್ನಾಸನಿಗೆ ಸಗಾಯಪ್ಪನ ಸಹವಾಸ ಸಾಕುಸಾಕಾಗಿ ಹೋಗಿತ್ತು.

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ನಾಲ್ಕಾರು ಗುಡಿಸಲು, ನಡುವೆ ಪುಟ್ಟ ದೇವಾಲಯ, ಅದರ ಬಾಗಿಲ ಮೇಲೆ ಮರದ ಶಿಲುಬೆ. ಅಲ್ಲಿ ಅರುಳಪ್ಪ ಗುರುಗಳು ಇದ್ದರು. ಯೇಸುಸ್ವಾಮಿಯ ಹಾಗೆ ಬದುಕುವುದನ್ನು ಕಲಿಯಬೇಕೆಂದು ಬಂದ ಕೆಲವು ಶಿಷ್ಯರೂ ಇದ್ದರು. ಇನ್ನಾಸ ಅವರಲ್ಲೊಬ್ಬ.

ಸಗಾಯಪ್ಪ ಶಿಷ್ಯನಲ್ಲ. ಅತಿಥಿ ಅನ್ನೋಣವೆಂದರೆ ಅತಿಥಿಗಳು ಹೊರಟುಹೋಗುತ್ತಾರೆ. ಒಂದು ಸಂಜೆ ಕುಡಿಯಲು ನೀರು ಕೇಳಿಕೊಂಡು ಬಂದ ಮುದುಕ ಅವನು. ನೀರು ಕುಡಿದ, ಊಟ ಮಾಡಿದ, ಮಲಗಿದ. ಬೆಳಿಗ್ಗೆ ಹೋಗುತ್ತಾನೆ ಅಂದುಕೊಂಡರೆ ಹಲ್ಲುಜ್ಜಲು ಬೇವಿನ ಕಡ್ಡಿ ಕೇಳಿದ. ಅಲ್ಲಿಗೆ ಅವನು ಉಳಿದ ಹಾಗಾಯಿತು.

ಅವನ ಬಲಗಾಲು ಆನೆಕಾಲು. ಊದಿಕೊಂಡು, ಬಿರುಕುಬಿಟ್ಟು, ನೊಣ ಮುತ್ತುವಂಥದ್ದು. ಗುರುಗಳು ಅವನನ್ನು ತಂದು ಇನ್ನಾಸನ ಗುಡಿಸಲಿಗೇ ಹಾಕಿದರು. ಊಟ ಕೊಡುವುದು, ಕಾಲಿಗೆ ಬಟ್ಟೆ ಸುತ್ತುವುದು, ಕೈಹಿಡಿದು ಹೊರಗೆ ಕರೆದೊಯ್ಯುವುದು ಎಲ್ಲವೂ ಇನ್ನಾಸನ ತಲೆಗೆ ಬಂತು.

ಇನ್ನಾಸ ಧ್ಯಾನಕ್ಕೆ ಕೂತನೋ ಇಲ್ಲವೋ, ಮೂಲೆಯಿಂದ ಕೂಗು ಏಳುತ್ತಿತ್ತು.

"ಲೋ ಸಾಮಿ, ನೀರು!"

ನೀರು ಕೊಟ್ಟು ಬಂದು ಕಣ್ಣು ಮುಚ್ಚಿದರೆ, "ಲೋ ಸಾಮಿ, ಮದ್ಯಾನದ ಸಾರಿಗೆ ಉಪ್ಪೇ ಇರ್ಲಿಲ್ವಲ್ಲೋ."

ಮಧ್ಯಾಹ್ನದ ಸಾರಿನ ಮಾತು, ಸಂಜೆಯ ಧ್ಯಾನದಲ್ಲಿ!

ಪ್ರಾರ್ಥನೆಯ ಹೊತ್ತಿನಲ್ಲಂತೂ ಕೇಳಲೇಬೇಡಿ. ಪರಲೋಕ ಮಂತ್ರವನ್ನು ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರೆ ಸಗಾಯಪ್ಪ ಒಂದು ಸಾಲು ಹಿಂದೆ ಇರುತ್ತಿದ್ದ. ಎಲ್ಲರೂ ಆಮೆನ್ ಅಂದು ಮುಗಿಸಿ ಸುಮ್ಮನಾದ ಮೇಲೆ ಅವನದೊಂದೇ ದನಿ ಗೊಣಗೊಣ ಮುಂದುವರಿಯುತ್ತಿತ್ತು. ಆ ನಿಶ್ಶಬ್ದದಲ್ಲಿ ಇನ್ನಾಸ ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದ.

ಆದರೆ ಒಂದು ದಿನವೂ ಅವನು ಬೈದವನಲ್ಲ. ಅದೇ ಅವನ ದೊಡ್ಡಸ್ತಿಕೆ. ಸಿಟ್ಟು ಗಂಟಲಿಗೆ ಬಂದಾಗಲೆಲ್ಲ ಅದನ್ನು ನುಂಗಿ, ಮುಖದ ಮೇಲೆ ಒಂದು ನಗೆ ಅಂಟಿಸಿಕೊಂಡು, "ಆಗಲಿ ಸಹೋದರರೇ" ಅನ್ನುತ್ತಿದ್ದ. ಬೆಳಿಗ್ಗೆ ಕಾಲಿಗೆ ಬಟ್ಟೆ ಸುತ್ತುವಾಗ ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಜಪ ಮಾಡುತ್ತಿದ್ದ. ಹಳೆಯ ಬಟ್ಟೆ ಅಂಟಿಕೊಂಡಿದ್ದರೆ ಅದರ ಮೇಲೆಯೇ ಹೊಸದು ಸುತ್ತಿ ಗಂಟು ಹಾಕುತ್ತಿದ್ದ.

"ಬಿಗಿಯಾಯ್ತು ಕಣ್ಲಾ ಸಾಮಿ," ಅನ್ನುತ್ತಿದ್ದ ಮುದುಕ.

"ಸಹಿಸಿಕೊಳ್ಳೋಣ ಸಹೋದರರೇ. ಸ್ವಾಮಿಯೂ ಸಹಿಸಿದರು," ಅನ್ನುತ್ತಿದ್ದ ಇನ್ನಾಸ, ಕಣ್ಣು ತೆರೆಯದೆ.

ಯೇಸುಸ್ವಾಮಿಯ ಪುನರುತ್ಥಾನದ ಪಾಸ್ಖ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಬಂತು. ಒಂದು ದಿನ ಇನ್ನಾಸ ಗುರುಗಳ ಹತ್ತಿರ ಹೋದ. ಅವರು ಜಗಲಿಯ ಮೇಲೆ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದರು.

"ಗುರುಗಳೇ, ಸಗಾಯಪ್ಪನವರು ನನ್ನ ಪಾಲಿನ ಶಿಲುಬೆ. ಗೊಣಗದೆ ಹೊರುತ್ತಾ ಇದ್ದೇನೆ."

ಗುರುಗಳು ತಲೆ ಎತ್ತಲಿಲ್ಲ. "ಅವನಿಗೆ ಗೊತ್ತಾ?"

"ಏನು ಗುರುಗಳೇ?"

"ತಾನು ಶಿಲುಬೆ ಅಂತ."

"ಛೆ ಛೆ, ಅವರಿಗೆ ಹೇಗೆ ಹೇಳೋದು!"

"ಹೇಳಬೇಡ ಬಿಡು. ಪಾಪ, ತಾನು ಮನುಷ್ಯ ಅಂದ್ಕೊಂಡಿದಾನೆ."

ಇನ್ನಾಸ ಆ ಮಾತಿಗೆ ನಕ್ಕ. ಗುರುಗಳು ನಗಲಿಲ್ಲ. ಸೊಪ್ಪಿನ ಮೊರವನ್ನು ಅವನ ಕಡೆಗೆ ತಳ್ಳಿದರು. ಸೊಪ್ಪು ಬಿಡಿಸುತ್ತ ಇನ್ನಾಸ ತಾನು ಬಂದ ವಿಷಯಕ್ಕೆ ಬಂದ.

"ಗುರುಗಳೇ, ಈ ಪಾಸ್ಖ ಹಬ್ಬಕ್ಕೆ ನನಗೆ ವ್ರತ ಕೊಡಿ. ನನ್ನ ಜೊತೆ ಬಂದವರೆಲ್ಲ ತಗೊಂಡಾಯ್ತು. ನಾನೊಬ್ಬನೇ ಉಳಿದಿರೋದು."

ಆಜೀವ ವ್ರತ ಅಂದರೆ ಅಲ್ಲಿ ಸಣ್ಣ ಮಾತಲ್ಲ. ತೆಗೆದುಕೊಂಡವನು ಸಾಯುವವರೆಗೂ ಆಶ್ರಮದವನು. ಸಿಗದವನು ಎಷ್ಟು ವರ್ಷ ಇದ್ದರೂ ಬಂದುಹೋಗುವವನೇ. ಪ್ರತಿ ವರ್ಷ ಇನ್ನಾಸ ಕೇಳುತ್ತಿದ್ದ, ಪ್ರತಿ ವರ್ಷ ಗುರುಗಳು "ನೋಡೋಣ" ಅನ್ನುತ್ತಿದ್ದರು. ಈ ಸಲವೂ ನೋಡೋಣ ಅಂದರೆ ಗಂಟುಮೂಟೆ ಕಟ್ಟುವುದೇ ಸೈ ಎಂದು ಅವನು ತೀರ್ಮಾನ ಮಾಡಿಕೊಂಡೇ ಬಂದಿದ್ದ.

ಗುರುಗಳು ಕೊನೆಯ ಕಡ್ಡಿಯ ಸೊಪ್ಪನ್ನೂ ಬಿಡಿಸಿ ಮುಗಿಸಿದರು.

"ಪವಿತ್ರ ಗುರುವಾರ ಪಾದ ತೊಳೆಯೋದು ನೀನೇ ಮಾಡು. ಆಮೇಲೆ ವ್ರತದ ಮಾತು."

ಇನ್ನಾಸನಿಗೆ ಕಣ್ಣಲ್ಲಿ ನೀರು ಬಂತು. ವ್ರತ ತೆಗೆದುಕೊಳ್ಳುವವನೇ ಆ ವರ್ಷ ಪಾದ ತೊಳೆಯುವುದು ಅಲ್ಲಿನ ಪದ್ಧತಿ. ಯೇಸುಸ್ವಾಮಿ ಸೊಂಟಕ್ಕೆ ವಸ್ತ್ರ ಬಿಗಿದು ತನ್ನ ಶಿಷ್ಯರ ಕಾಲು ತೊಳೆದ ರಾತ್ರಿಯ ನೆನಪಿಗೆ ಹನ್ನೆರಡು ಜನರನ್ನು ಕೂರಿಸಿ ಅವರ ಕಾಲು ತೊಳೆಯುತ್ತಾರೆ. ಗುರುಗಳು ಹೂಂ ಅಂದ ಹಾಗೆಯೇ ಆಯಿತು ಎಂದುಕೊಂಡ ಅವನು.

ಅವತ್ತಿನಿಂದ ಇನ್ನಾಸನಿಗೆ ಬಿಡುವೇ ಇಲ್ಲ. ಹಿತ್ತಾಳೆ ಬೋಗುಣಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿದ. ಬಿಳಿ ಪಂಚೆ ಒಗೆದು ಮಡಿಚಿಟ್ಟ. ಊರಿನ ಕ್ರೈಸ್ತರ ಬೀದಿಗೆ ಹೋಗಿ ಹನ್ನೆರಡು ಜನ 'ಪ್ರೇಷಿತ'ರನ್ನು, ಅಂದರೆ ಯೇಸುವಿನ ಆ ಶಿಷ್ಯರ ಜಾಗದಲ್ಲಿ ಕೂರುವವರನ್ನು, ಹುಡುಕತೊಡಗಿದ.

ಪ್ರೇಷಿತರಾಗಲು ಜನಕ್ಕೇನೂ ಕೊರತೆಯಿರಲಿಲ್ಲ. ಚಿನ್ನಪ್ಪ ಮೇಷ್ಟ್ರು ಮೊದಲ ಕುರ್ಚಿ ತಮಗೇ ಬೇಕೆಂದರು. ಹನ್ನೊಂದು ಕುರ್ಚಿ ತುಂಬಿತು. ಕೊನೆಯ ಕುರ್ಚಿಯಲ್ಲಿ ಕೂರಲು ಮಾತ್ರ ಯಾರೂ ತಯಾರಿಲ್ಲ. ಅದು ಗುರುದ್ರೋಹಿ ಯೂದನದಂತೆ.

"ಊರವರು ವರ್ಷವಿಡೀ ಆಡ್ಕೋತಾರೆ," ಅಂದ ಟೈಲರ್ ಗ್ಯಾಬ್ರಿಯಲ್. "ನನಗೆ ಹೆಣ್ಣುಮಕ್ಕಳಿದಾರೆ, ಮದುವೆ ಮಾಡ್ಬೇಕು."

ಇನ್ನಾಸ ತಲೆ ಚಚ್ಚಿಕೊಂಡ. ಕುರ್ಚಿಗಳನ್ನು ಸಾಲಾಗಿ ಇಡುವ ಬದಲು ದುಂಡಗೆ ಇಡುತ್ತೇನೆ, ಕೊನೆ ಅನ್ನುವುದೇ ಇರುವುದಿಲ್ಲ ಎಂದು ಎಲ್ಲರನ್ನೂ ಒಪ್ಪಿಸಲು ಹೊರಟ.

ಈ ಸುದ್ದಿ ಹೇಗೋ ಸಗಾಯಪ್ಪನ ಕಿವಿಗೆ ಬಿತ್ತು.

"ಲೋ ಸಾಮಿ, ನನ್ನೂ ಸೇರಿಸ್ಕೊಳೋ."

"ನಿಮಗೆ ಮೈ ಸರಿಯಿಲ್ಲ ಸಹೋದರರೇ. ವಿಶ್ರಾಂತಿ ತೆಗೆದುಕೊಳ್ಳಿ."

"ಮೈ ಯಾಕ್ಲಾ? ತೊಳ್ಯೋದು ಕಾಲಲ್ವಾ? ನಂಗೂ ಎರಡವೆ."

"ಮುಂದಿನ ವರ್ಷ ನೋಡೋಣ ಸಹೋದರರೇ."

"ಆ ಯೂದನ್ ಕುರ್ಚೀನಾದ್ರೂ ಕೊಡೋ. ನಂಗೇನು, ಮದ್ವೆ ಮಾಡಕ್ಕೆ ಹೆಣ್ಮಕ್ಳಾ?"

ಇನ್ನಾಸ ಮುಗುಳ್ನಕ್ಕ. ಒಳಗೊಳಗೇ ಕುದಿದುಹೋದ. ದೇವಾಲಯದ ತುಂಬ ಜನ, ಬಿಳಿ ಪಂಚೆ, ಹೊಳೆಯುವ ಬೋಗುಣಿ. ನಡುವೆ ಆ ಕಾಲು, ಆ ನೊಣ! ಅದೆಲ್ಲ ಆಗದ ಮಾತು.

ಪವಿತ್ರ ಗುರುವಾರ ಮಧ್ಯಾಹ್ನವೇ ಹನ್ನೆರಡು ಜನರೂ ಆಶ್ರಮಕ್ಕೆ ಬಂದರು. ಗ್ಯಾಬ್ರಿಯಲ್ ಕೂಡ ಬಂದ. ಇನ್ನಾಸ ಹೇಳಿಕಳಿಸಿದ್ದ ಹಾಗೆ ಎಲ್ಲರೂ ಉಗುರು ಕತ್ತರಿಸಿಕೊಂಡಿದ್ದರು. ದಾರಿಯ ಧೂಳು ಹತ್ತಿತ್ತೆಂದು ಬಾವಿಕಟ್ಟೆಯ ಸುತ್ತ ಕೂತು ಸೋಪು ಹಚ್ಚಿ, ಹಿಮ್ಮಡಿಯನ್ನು ಕಲ್ಲಿನಿಂದ ತಿಕ್ಕುತ್ತಿದ್ದರು. ಮೇಷ್ಟ್ರು ಟವಲಿನಿಂದ ಬೆರಳ ಸಂದಿಗಳನ್ನು ಒರೆಸಿ, ಜೇಬಿನಿಂದ ಪೌಡರ್ ಡಬ್ಬಿ ತೆಗೆದರು.

ಅದೇ ಹೊತ್ತಿಗೆ ಅರುಳಪ್ಪ ಗುರುಗಳು ಕೋಲೂರಿಕೊಂಡು ಆ ಕಡೆ ಬಂದರು.

"ಏನು ಮಾಡ್ತಿದೀರಿ?"

"ಸಂಜೆಗೆ ಕಾಲು ತೊಳೆಯೋದಿದೆಯಲ್ಲ ಗುರುಗಳೇ," ಅಂದರು ಮೇಷ್ಟ್ರು. "ಅದಕ್ಕೇ ತೊಳ್ಕೋತಿದೀವಿ."

ಗುರುಗಳು ಆ ಇಪ್ಪತ್ತನಾಲ್ಕು ಕಾಲುಗಳನ್ನು ನೋಡಿದರು. ಇನ್ನಾಸನನ್ನು ನೋಡಿದರು. ಬಾವಿಕಟ್ಟೆಯ ಮೇಲೆ ಧೊಪ್ಪನೆ ಕೂತುಬಿಟ್ಟರು.

"ಇನ್ನಾಸ, ಬೋಗುಣಿ ತಗೊಂಡು ಬಾ."

ತಂದ. ಬಿಸಿಲಿಗೆ ಅದು ಫಳಫಳ ಹೊಳೆಯಿತು.

"ಎಲ್ಲರ ಕಾಲೂ ತೊಳೆದಾಯ್ತು. ಸಂಜೆಗೆ ನೀನು ಏನು ತೊಳೀತೀಯ?"

"ಗುರುಗಳೇ, ಅದು ಒಂದು ಆಚರಣೆ..."

"ಹೂಂ. ಹೊಟ್ಟೆ ತುಂಬಿದೋರನ್ನ ಕೂರಿಸಿ ಊಟ ಬಡಿಸೋ ಆಚರಣೆ." ಗುರುಗಳ ದನಿ ಏರಿತು. "ಹೋಗು. ಒಂದು ಕೊಳೆ ಕಾಲು ಹುಡುಕಿಕೊಂಡು ಬಾ. ಅಲ್ಲಿವರೆಗೂ ಪೂಜೆಯ ಗಂಟೆ ಹೊಡೆಯಲ್ಲ."

"ಈಗ? ಎಲ್ಲಿ ಹುಡುಕಲಿ ಗುರುಗಳೇ?"

"ನನ್ನನ್ನ ಕೇಳ್ತೀಯಲ್ಲೋ!" ಅಂದರು ಗುರುಗಳು. ಅಂದು ಹಣೆ ಹಣೆ ಬಡಿದುಕೊಂಡರು.

ಇನ್ನಾಸ ಬೋಗುಣಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟ. ಹನ್ನೆರಡು ಜನರ ಎದುರಿಗೆ ಮರ್ಯಾದೆ ಹೋಯಿತಲ್ಲ ಎಂದು ಅವನ ಕಿವಿ ಬಿಸಿಯಾಗಿತ್ತು. ಮುದುಕರಾದ ಮೇಲೆ ಗುರುಗಳಿಗೆ ಹಟ ಜಾಸ್ತಿಯಾಗಿದೆ ಅಂದುಕೊಂಡ. ಹೊಳೆಯ ದಂಡೆಗಿಳಿದ.

ಅಲ್ಲಿ ನಿಂಗಯ್ಯ ಎಮ್ಮೆಗಳನ್ನು ದಡಕ್ಕೆ ಹತ್ತಿಸುತ್ತಿದ್ದ. ಮೊಣಕಾಲವರೆಗೂ ಕರಿ ಕೆಸರು. ಇನ್ನಾಸನಿಗೆ ಹೋದ ಜೀವ ಬಂದ ಹಾಗಾಯಿತು.

"ನಿಂಗಯ್ಯ, ಸ್ವಲ್ಪ ಆಶ್ರಮಕ್ಕೆ ಬರ್ತೀಯಾ? ನಿನ್ನ ಕಾಲು ತೊಳೀಬೇಕು."

ನಿಂಗಯ್ಯ ಬೆಚ್ಚಿಬಿದ್ದ. "ನನ್ ಕಾಲ? ನೀವಾ?"

"ಹೂಂ, ನಾನೇ."

"ಅಯ್ಯೋ ಶಿವನೇ! ಸಾಮ್ಯಾರು ಮುಟ್ತೀನಿ ಅಂದ್ರೆ ಗಲೀಜ್ ಕಾಲ್ ಕೊಡಕಾಯ್ತದಾ?" ಅಂದವನೇ ನೀರಿಗಿಳಿದು ಎರಡೂ ಕಾಲನ್ನು ತಿಕ್ಕಿ ತಿಕ್ಕಿ ತೊಳೆದುಕೊಂಡು ಬಂದು ನಿಂತ. "ನಡೀರಿ, ಈಗ ಹೋಗವ."

ಇನ್ನಾಸ ಆ ತೊಳೆದ ಕಾಲುಗಳನ್ನು ನೋಡಿ, ಬೋಗುಣಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಮುಂದೆ ಹೋದ.

ಸ್ವಲ್ಪ ದೂರದಲ್ಲಿ ಇಟ್ಟಿಗೆ ಕೊಯ್ಯುವವರ ಗುಂಡಿ. ಪುಟ್ಟಸಿದ್ದಮ್ಮ ಸೀರೆ ಎತ್ತಿಕಟ್ಟಿ ಮಣ್ಣು ತುಳಿಯುತ್ತಿದ್ದಳು. ಇನ್ನಾಸ ದೂರದಲ್ಲೇ ನಿಂತು ಕೈಮುಗಿದು ವಿಷಯ ಹೇಳಿದ.

"ಕಾಲ್ ತೊಳೀತೀರಾ? ಯಾಕೆ, ನಾನೇನ್ ಸತ್ತೋಗಿದ್ದೀನಾ?"

"ಇಲ್ಲಮ್ಮ, ಇದು ನಮ್ಮ ಯೇಸುಸ್ವಾಮಿ..."

"ನಿಮ್ ಸಾಮಿಗೆ ನನ್ ಕಡೆಯಿಂದ್ಲೂ ಕೈಮುಗ್ದೆ ಅನ್ನಿ. ನಂಗೆ ಕೆಲ್ಸ ಅದೆ."

ಬಿಸಿಲು ಇಳಿಯುತ್ತಾ ಬಂತು. ಹೊಲದಿಂದ ಬರುತ್ತಿದ್ದವರನ್ನು ತಡೆದು ಕೇಳಿದ. ಒಬ್ಬ ಕೇಳಿದ ಕೂಡಲೇ ಕಾಲುವೆಗೆ ಓಡಿದ. ಇನ್ನೊಬ್ಬ ಚಪ್ಪಲಿ ಬಿಟ್ಟು ಇವನ ಕಾಲಿಗೇ ಅಡ್ಡಬಿದ್ದ. ಲೋಕದಲ್ಲಿ ಇಷ್ಟೊಂದು ಕೆಸರಿದೆ, ಒಂದು ಕೊಳೆ ಕಾಲು ಸಿಗುವುದಿಲ್ಲವಲ್ಲ ಎಂದು ಇನ್ನಾಸನಿಗೆ ಅಳುವೇ ಬಂದುಬಿಟ್ಟಿತು. ಬೋಗುಣಿ ಕಂಕುಳಿಗೆ ಒತ್ತಿ ಒತ್ತಿ ನೋಯುತ್ತಿತ್ತು.

ಬರಿಗೈಯಲ್ಲಿ ಆಶ್ರಮಕ್ಕೆ ಮರಳಿದಾಗ ದೇವಾಲಯದ ಮುಂದೆ ಜನ ಸೇರಿದ್ದರು. ದುಂಡಗಿಟ್ಟ ಕುರ್ಚಿಗಳಲ್ಲಿ ಹನ್ನೆರಡು ಜನ ಕಾಲು ಮುಂದೆ ಚಾಚಿ, ನೆಲಕ್ಕೆ ತಾಗಿದರೆ ಕೊಳೆಯಾದೀತೆಂದು ಹಿಮ್ಮಡಿ ಎತ್ತಿಕೊಂಡು ಕೂತಿದ್ದರು. ಗಂಟೆಯ ಹಗ್ಗ ಸುಮ್ಮನೆ ನೇತಾಡುತ್ತಿತ್ತು. ಎಲ್ಲರೂ ಇನ್ನಾಸನನ್ನೇ ನೋಡಿದರು. ಅವನು ತಲೆ ತಗ್ಗಿಸಿಕೊಂಡು ಸೀದಾ ತನ್ನ ಗುಡಿಸಲಿಗೆ ಹೋದ. ಮುಗಿಯಿತು, ವ್ರತವೂ ಮುಗಿಯಿತು, ಆಶ್ರಮವೂ ಮುಗಿಯಿತು ಅನ್ನಿಸಿತು ಅವನಿಗೆ.

ಹೊಸ್ತಿಲ ಮೇಲೆ ಸಗಾಯಪ್ಪ ಕೂತಿದ್ದ.

"ಲೋ ಸಾಮಿ, ಎಲ್ಲೋಗಿದ್ದೆ? ನೀರಿಗೆ ಕೂಗಿ ಕೂಗಿ ಗಂಟ್ಲು ಬಿದ್ದೋಯ್ತು. ಇವತ್ತಿನ್ ಗಂಜೀಗೂ ಉಪ್ಪಿಲ್ಲ."

ಇನ್ನಾಸ ಯಾವಾಗಲೂ ನುಂಗುತ್ತಿದ್ದ ಹಾಗೆ ನುಂಗಲು ನೋಡಿದ. ಆಗಲಿಲ್ಲ.

"ಸುಮ್ನಿರೋ ಮುದುಕಾ!" ಅವನ ಕೂಗು ಹೊಳೆಯ ಆಚೆ ದಂಡೆಗೂ ಹೋಯಿತು. "ಬೆಳಗಾದ್ರೆ ನೀರು, ಹೊತ್ತು ಮುಳುಗಿದ್ರೆ ಉಪ್ಪು! ನಿನ್ ಬಾಯಿಗೆ ಒಂದು ಗಳಿಗೆ ಬಿಡುವಿಲ್ವಾ? ಎಲ್ರೂ ಆಮೆನ್ ಅಂದ್ಮೇಲೂ ನೀನೊಬ್ನು ಯಾಕೋ ಗೊಣಗ್ತೀಯ? ನಿನ್ನ ಗೊರಕೆಗೆ ನಾನು ನಿದ್ದೆ ಮಾಡಿ ಎಷ್ಟು ಕಾಲ ಆಯ್ತು ಗೊತ್ತಾ? ಒಂದು ಕೊಳೆ ಕಾಲಿಗೋಸ್ಕರ ಊರೆಲ್ಲ ಅಲೆದು ಸಾಯ್ತಾ ಇದ್ದೀನಿ ನಾನು! ಒಂದು ಕಾಲಿಗೆ!"

ಮುದುಕ ಬಾಯಿ ತೆರೆದುಕೊಂಡು ನೋಡಿದ. ಆಮೇಲೆ ತನ್ನ ಕಾಲುಗಳನ್ನು ನೋಡಿಕೊಂಡ.

"ಇಲ್ಲೇ ಅವಲ್ಲೋ," ಅಂದ.

ಇನ್ನಾಸ ಬೋಗುಣಿಯನ್ನು ನೆಲಕ್ಕೆ ಕುಕ್ಕಿದ.

"ಚಾಚು ಇತ್ತಾಗೆ!"

ಒಲೆಯ ಮೇಲಿನ ಬಿಸಿನೀರು ತಂದು ಸುರಿದ. ನೆಲದ ಮೇಲೆ ಕೂತು ಆ ಊದಿದ ಕಾಲನ್ನು ತೊಡೆಯ ಮೇಲೆಳೆದುಕೊಂಡ. ಜಪವೂ ಇಲ್ಲ, ಕಣ್ಣು ಮುಚ್ಚಿದ್ದೂ ಇಲ್ಲ. ಬಾಯಿ ತುಂಬ ಬೈಗುಳ. ಚಿಕ್ಕಂದಿನಲ್ಲಿ ಅವನ ಅವ್ವ ಅವನನ್ನು ಬಚ್ಚಲಲ್ಲಿ ಕೂರಿಸಿಕೊಂಡು ಹೀಗೇ ಬೈಯುತ್ತಾ ಕತ್ತು ತಿಕ್ಕುತ್ತಿದ್ದಳು.

"ಸುಡ್ತದೆ ಕಣ್ಲಾ!"

"ಸುಡ್ಲಿ! ಅಲ್ಲಾಡ್ಬೇಡ!"

"ಮೆಲ್ಲಗೆ ತಿಕ್ಕೋ, ಅದೇನ್ ಪಾತ್ರೆಯಾ?"

"ಪಾತ್ರೆಯಾಗಿದ್ರೆ ಇಷ್ಟು ಮಾತಾಡ್ತಿರ್ಲಿಲ್ಲ!"

ಬಟ್ಟೆ ನೆನೆದು ಒಂದೊಂದೇ ಸುತ್ತು ಬಿಚ್ಚಿಕೊಂಡಿತು. ಒಂದರ ಕೆಳಗೆ ಒಂದು, ತಾನೇ ಸುತ್ತಿದ ಬಟ್ಟೆಗಳು. ಕಟ್ಟಕಡೆಯದು ಬಿಚ್ಚಿದಾಗ ಇನ್ನಾಸನ ಬಾಯಿ ನಿಂತಿತು.

ಪಾದದ ಮೇಲ್ಗಡೆ, ಗಂಟು ಬೀಳುತ್ತಿದ್ದ ಜಾಗದಲ್ಲಿ, ಬಟ್ಟೆ ಚರ್ಮವನ್ನು ಕೊಯ್ದುಕೊಂಡು ಒಳಗೆ ಇಳಿದಿತ್ತು. ಸುತ್ತ ಕೀವು. ಅದು ರೋಗದಿಂದ ಆದದ್ದಲ್ಲ.

"ಯಾಕೋ ಹೇಳ್ಲಿಲ್ಲ ನಂಗೆ?" ಅಂದ ಇನ್ನಾಸ. "ಇಷ್ಟಾಗೋವರೆಗೂ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಹೇಳ್ದೆ," ಅಂದ ಮುದುಕ. "ದಿನಾ ಹೇಳ್ದೆ. ನೀನು ಕಣ್ಮುಚ್ಕೊಂಡು, ಸಹಿಸ್ಕೊಳ್ಳಣ ಅಂದೆ."

ಇನ್ನಾಸನಿಗೆ ತಲೆ ಎತ್ತಲಾಗಲಿಲ್ಲ. ಅಷ್ಟು ದಿನ ತಾನು ಸಹಿಸಿದ್ದೇನು, ಸಹಿಸಿದವನು ಯಾರು! ನಾಚಿಕೆಯಿಂದ ಅವನ ಮೈಯೆಲ್ಲ ಸುಟ್ಟಂತಾಯಿತು. ಬೆರಳ ತುದಿಯಿಂದ ಗಾಯದ ಸುತ್ತ ಮೆಲ್ಲಗೆ ನೀರು ಹನಿಸಿದ. ಹೊಳೆಯುತ್ತಿದ್ದ ಬೋಗುಣಿಯ ನೀರು ಕಪ್ಪಾಯಿತು. ಸಂಜೆಗೆಂದು ಅವನು ಉಟ್ಟಿದ್ದ ಬಿಳಿ ಪಂಚೆಗೆ ಕಲೆಯಾಯಿತು. ಅವನು ಅಳುತ್ತಿದ್ದ, ಅಳುತ್ತಲೇ ಬೈಯುತ್ತಿದ್ದ. ಈಗ ಬೈಗುಳ ತನಗೋ ಮುದುಕನಿಗೋ ಅವನಿಗೇ ತಿಳಿಯಲಿಲ್ಲ.

ಕೋಲಿನ ಸದ್ದು ಕೇಳಿತು. ಗುರುಗಳು ಬಂದು ಬಾಗಿಲ ಹತ್ತಿರ ನಿಂತಿದ್ದರು.

"ಗುರುಗಳೇ, ಬೈದುಬಿಟ್ಟೆ," ಅಂದ ಇನ್ನಾಸ. "ಪವಿತ್ರ ಗುರುವಾರದ ದಿನ, ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ."

"ಕೇಳಿಸ್ತು."

"ದೇವಾಲಯಕ್ಕೂ?"

"ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು. ಕಾಲಿಗೆ ಮಣ್ಣಾಯ್ತು."

"ಬೈಲಿ ಬುಡಿ ಸಾಮಿ," ಅಂದ ಸಗಾಯಪ್ಪ. ಅವನ ಮುಖದಲ್ಲಿ ಹಿಂದೆಂದೂ ಕಾಣದ ನಗುವಿತ್ತು. "ಇಷ್ಟ್ ದಿನ ನನ್ನ ಮುಂದೆ ಕುಂತ್ಕಂಡು ದೇವ್ರ ಜೊತೆ ಮಾತಾಡ್ತಿದ್ದ. ಇವತ್ತು ನನ್ ಕೂಡೆ ಮಾತಾಡ್ದ."

ಗುರುಗಳು ಕೋಲಿನ ಮೇಲೆ ಭಾರ ಹಾಕಿ ಬಗ್ಗಿ ಆ ಗಾಯವನ್ನು ನೋಡಿದರು.

"ಗಂಟು ಯಾರು ಹಾಕಿದ್ದು?"

"ನಾನೇ ಗುರುಗಳೇ."

ಇನ್ನಾಸ ಬಿಚ್ಚಿದ ಬಟ್ಟೆಗಳನ್ನು ಮುದ್ದೆ ಮಾಡಿ ಪಕ್ಕಕ್ಕೆ ಎಸೆದ.

"ವ್ರತದ ಮಾತು ಬಿಟ್ಟುಬಿಡಿ. ನಾನು ಅದಕ್ಕೆ ಲಾಯಕ್ಕಿಲ್ಲ. ಬೆಳಗಾಗ್ತಲೇ ಊರಿಗೆ ಹೊರಟುಹೋಗ್ತೀನಿ."

ಗುರುಗಳು ತಮ್ಮ ಹೆಗಲ ಮೇಲಿನ ಟವಲು ತೆಗೆದು ಅವನ ಮೇಲೆ ಎಸೆದರು. ಇನ್ನಾಸ ಅದರಿಂದ ಆ ಕಾಲನ್ನು ಒತ್ತಿ ಒತ್ತಿ ಒರೆಸಿದ. ಗಾಯಕ್ಕೆ ತಾಗದ ಹಾಗೆ ಹೊಸ ಬಟ್ಟೆಯನ್ನು ಸಡಿಲವಾಗಿ ಸುತ್ತಿದ.

"ಬಿಗಿಯಾಯ್ತಾ?"

"ಇಲ್ಲ."

"ಸುಳ್ಳು ಹೇಳ್ಬೇಡ."

"ಇಲ್ಲ ಕಣ್ಲಾ, ಸರ್ಯಾಗದೆ."

ದೇವಾಲಯದ ಕಡೆಯಿಂದ ಜನರ ಗುಜುಗುಜು ಕೇಳುತ್ತಿತ್ತು. ಗುರುಗಳಿಗೆ ಅದ್ಯಾವುದೂ ಕೇಳಿಸಿದಂತಿರಲಿಲ್ಲ. ಅವರು ಹೊಸ್ತಿಲ ಮೇಲೆ ಸಗಾಯಪ್ಪನ ಪಕ್ಕದಲ್ಲಿ ಜಾಗ ಮಾಡಿಕೊಂಡು, ಮಂಡಿ ಹಿಡಿದು ನರಳುತ್ತಾ ಕೂತರು. ಹೊಳೆಯನ್ನು ನೋಡತೊಡಗಿದರು.

ಇನ್ನಾಸನಿಗೆ ತಡೆಯಲಾಗಲಿಲ್ಲ.

"ಗುರುಗಳೇ, ಅಷ್ಟು ಜನ ಕಾಯ್ತಿದಾರೆ. ಗಂಟೆ ಹೊಡೆಯೋದಾ, ಬೇಡವಾ? ನಾನು ಇರೋದಾ, ಹೋಗೋದಾ? ಒಂದು ಮಾತು ಹೇಳಿಬಿಡಿ!"

ಗುರುಗಳು ಬೋಗುಣಿಯನ್ನು ನೋಡಿದರು. ಅದರ ಪಕ್ಕದಲ್ಲಿ ಮಣ್ಣು ಮೆತ್ತಿಕೊಂಡಿದ್ದ ಸಗಾಯಪ್ಪನ ಎಡಗಾಲನ್ನು ನೋಡಿದರು.

"ಇನ್ನೊಂದು ಕಾಲು ಉಳಿದಿದೆಯಲ್ಲಯ್ಯ."